ಅವರ ಮಾತು, ನನ್ನ ಬಾಯಿ

ಎಡಗಾಲಿನ ಚಪ್ಪಲಿ ಜಾರಿ ಬೀಳುತ್ತಿತ್ತು. ಮೊದಲು ಕಂಡದ್ದು ಅಷ್ಟೇ.

ನನ್ನ ಗಂಡ ಹುಲುಗಪ್ಪ ಯಶವಂತನಗರದ ಕಡೆ ಗಣಿ ಕಂಪನಿಯ ಬಸ್ ಡ್ರೈವರ್. ಡ್ಯೂಟಿ ಮುಗಿಸಿ ಹೊಸಪೇಟೆಯ ನಮ್ಮ ಮನೆಗೆ ಬರುವಾಗ ಒಂದು ಚಪ್ಪಲಿ ಗೇಟಿನ ಹತ್ತಿರವೇ ಬಿದ್ದಿರುತ್ತಿತ್ತು. ಇನ್ನೊಂದನ್ನು ಹಾಕಿಕೊಂಡೇ ಬಾಗಿಲ ತನಕ ಬಂದಿರುತ್ತಿದ್ದರು. ಜಾರಿದ್ದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

"ವಯಸ್ಸಾಗಿದ್ದು ನನಗ, ಮರವು ಬಂದಿದ್ದು ಇವಗ" ಎಂದು ಅತ್ತೆ ನಗುತ್ತಿದ್ದರು.

ನನ್ನ ಗಂಡ ಟ್ರಯಾಥ್ಲಾನ್ ಮಾಡುವವರು. ಈಜು, ಸೈಕಲ್, ಓಟ. ಒಂದು ಮುಗಿದ ಕೂಡಲೇ ಇನ್ನೊಂದು, ನಡುವೆ ಕೂರುವಂತಿಲ್ಲ. ಕಂಪ್ಲಿಯ ಹೊಳೆದಂಡೆಯಲ್ಲಿ ಬೆಳೆದವರಿಗೆ ಈಜು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಳಿದೆರಡರ ಹುಚ್ಚು ಹಿಡಿಸಿದವರು ಗೆಳೆಯ ಬಸವರಾಜಣ್ಣ, ಟೈರ್ ಅಂಗಡಿಯವರು. "ರೊಕ್ಕ ಕೊಟ್ಟು ದಣಿಯಾಕ ಹೋಗ್ತಾನ ನೋಡವ್ವ ನನ್ನ ಮಗ" ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು. ಹೆಮ್ಮೆಯಿಂದಲೇ.

ಈ ಟ್ರಯಾಥ್ಲಾನ್ ಜನರದ್ದು ಒಂದು ಪದ್ಧತಿ. ಮೈಯಲ್ಲಿ ಯಾವುದು ಸೋತಿದೆಯೋ ಅದಕ್ಕೇ ಹೆಚ್ಚು ಕೆಲಸ ಕೊಡುವುದು. ಎಡಗಾಲು ಸೋಲುತ್ತಿದೆ ಎಂದಾಗ ಬಸವರಾಜಣ್ಣ ಮರಳಿನ ಸಣ್ಣ ಚೀಲ ಹೊಲಿಸಿ ತಂದರು. ಅದನ್ನು ಕಾಲಿಗೆ ಕಟ್ಟಿಕೊಂಡು ಇವರು ಮಲಪನಗುಡಿ ರಸ್ತೆಯಲ್ಲಿ ನಡೆದರು. ಮೆಟ್ಟಿಲು ಹತ್ತಿ ಇಳಿದರು. ನಾನೂ ಜೊತೆಗೆ ನಿಂತು ಹುರುಪು ತುಂಬಿದೆ. ಕಾಲು ಗಟ್ಟಿಯಾಗಲಿಲ್ಲ. ತೆಳ್ಳಗಾಯಿತು.

ಬಳ್ಳಾರಿಯಲ್ಲಿ ಎಂಆರ್‌ಐ ಮಾಡಿಸಿ, ಅಲ್ಲಿಂದ ಬೆಂಗಳೂರಿಗೆ ಹೋದೆವು. ಇಎಂಜಿ ಮಾಡಿದರು. ಸ್ನಾಯುಗಳಿಗೆ ಸೂಜಿ ಚುಚ್ಚಿ ನೋಡುವ ಪರೀಕ್ಷೆ. ನ್ಯೂರಾಲಜಿಸ್ಟ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಮೋಟಾರ್ ನ್ಯೂರಾನ್ ಡಿಸೀಸ್. ಸ್ನಾಯುಗಳನ್ನು ನಡೆಸೋ ನರಕೋಶಗಳು ಸಾಯ್ತಾ ಇವೆ."

"ಯಾವ ಎಕ್ಸರ್‌ಸೈಜ್ ಮಾಡ್ಬೇಕ್ರಿ?" ಎಂದರು ಇವರು.

"ಓಡಿದ್ದರಿಂದ ಬಂದದ್ದಲ್ಲ ಇದು. ಆದರೆ ಇನ್ನು ಮೇಲೆ ದಣೀಬೇಡಿ."

ಬದುಕಿನಲ್ಲಿ ಸಿಕ್ಕಿದ್ದನ್ನೆಲ್ಲ ದಣಿದೇ ಪಡೆದ ಮನುಷ್ಯ. ಅವರಿಗೆ ಹೇಳಿದ ಮಾತು ಅದು.

ನಮ್ಮ ಎರಡೂ ಮನೆಗಳಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅದೂ ಮದುವೆಯಾದ ಮೇಲೆ. ಪರೀಕ್ಷೆ ಬಂದರೆ ಅವರು ನೈಟ್ ಶಿಫ್ಟ್ ಮುಗಿಸಿ ಬಂದು ತಾವೇ ಅನ್ನಕ್ಕಿಟ್ಟು ನನ್ನನ್ನು ಓದಲು ಕೂರಿಸುತ್ತಿದ್ದರು. ಈಗ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದೇನೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಆ ರಿಪೋರ್ಟಿನ ಮುಂದೆ ನಾನು ಓದಿದ್ದು ಯಾವುದೂ ಕೆಲಸಕ್ಕೆ ಬರಲಿಲ್ಲ.

ಬಸ್ಸಿನ ಕೆಲಸ ಬಿಟ್ಟರು. ಸೈಕಲ್ ಗೋಡೆಗೆ ನಿಂತಿತು. ಕೈ ಸೋತ ಮೇಲೆ ಊಟ ಮಾಡಿಸುವುದು, ಸ್ನಾನ ಮಾಡಿಸುವುದು, ಮಲಗಿದಲ್ಲೇ ಹೊರಳಿಸುವುದು ನನ್ನ ಮತ್ತು ಅತ್ತೆಯ ಪಾಲಿಗೆ ಬಂತು. ಸ್ಕೂಲಿಗೆ ಹೊರಡುವ ಮುಂಚೆ ಒಮ್ಮೆ, ಬಂದ ಕೂಡಲೇ ಒಮ್ಮೆ.

ಆಮೇಲೆ ನಾಲಿಗೆ.

ಮೊದಲು ಪ, ಬ, ಮ ಹೋದವು. ತುಟಿ ಕೂಡುತ್ತಿರಲಿಲ್ಲ. ನಂತರ ರ, ಲ. ನಾನು ಮಕ್ಕಳಿಗೆ ಕಲಿಸುವ ಅಕ್ಷರಗಳು ಅವರ ಬಾಯಿಂದ ಒಂದೊಂದಾಗಿ ಕಳಚುತ್ತಿದ್ದವು. ಅತ್ತೆಗೂ ಅರ್ಧ ತಿಳಿಯದಾಯಿತು. ಪೂರ್ತಿ ತಿಳಿಯುತ್ತಿದ್ದುದು ನನಗೊಬ್ಬಳಿಗೇ.

ಅಂಥ ಹೊತ್ತಿನಲ್ಲಿ ಬಸವರಾಜಣ್ಣ ಸುದ್ದಿ ತಂದರು. ಅವರ ಸಂಘ ಟ್ರಯಾಥ್ಲೀಟ್‌ಗಳನ್ನು ಸನ್ಮಾನಿಸುತ್ತದೆ. ಸಮಾಜಸೇವೆಗೆ ಒಬ್ಬರು, ಛಲಕ್ಕೆ ಒಬ್ಬರು, ನಾಯಕತ್ವಕ್ಕೆ ಒಬ್ಬರು.

"ಹುಲುಗಪ್ಪ, ಈ ಸಲ ಛಲದ್ದು ನಿನಗ."

ಇವರು ಬಹಳ ಹೊತ್ತು ತೆಗೆದುಕೊಂಡು ಏನೋ ಅಂದರು. ಬಸವರಾಜಣ್ಣ ನನ್ನ ಮುಖ ನೋಡಿದರು. ನಾನು ಹೇಳಿದೆ: "ರೋಗ ಬಂದಿದ್ದಕ್ಕ ಕೊಡ್ತೀಯೇನಲೇ? ಸೇವೆದ್ದು ಇದ್ರ ಕೊಡು, ಇಲ್ಲಂದ್ರ ಬ್ಯಾಡ ಅಂತಾರ. ಸ್ಟೇಜ್ ಮ್ಯಾಲ ತಾವೂ ಮಾತಾಡ್ತಾರಂತ."

"ಫೋನಿನ್ಯಾಗ ರೆಕಾರ್ಡ್ ಮಾಡಿಟ್ಟುಕೊಳ್ಳೋಣೇನು ಅಕ್ಕಾರ?"

"ನಾನಿನ್ನೂ ಇದ್ದೀನಿ ಅಂತಾರ."

ಅವರಿಗೆ ಏನು ಹೇಳಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ನಮ್ಮ ಓಣಿಯ ಒಬ್ಬ ಹುಡುಗಿ ಕಾಲುವೆಯಲ್ಲಿ ಬಟ್ಟೆ ಒಗೆಯಲು ಹೋಗಿ ಜಾರಿ ಬಿದ್ದು ಮುಳುಗಿ ಸತ್ತಳು. ಆಮೇಲಿನಿಂದ ಇವರು ಪ್ರತಿ ಭಾನುವಾರ ಮಕ್ಕಳನ್ನು ಕಂಪ್ಲಿಯ ಹೊಳೆಗೆ ಕರೆದುಕೊಂಡು ಹೋಗಿ, ನೀರು ನಿಂತ ಕಡೆ, ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿ ಈಜು ಕಲಿಸಿದರು. ಬಂದವರೆಲ್ಲ ಗಂಡುಹುಡುಗರು. ಹೆಣ್ಣುಮಕ್ಕಳನ್ನು ಯಾರೂ ಕಳಿಸಲಿಲ್ಲ. ಆ ಸಿಟ್ಟು ಅವರಲ್ಲಿ ಹಾಗೇ ಉಳಿದಿತ್ತು.

ಮುಖ್ಯ ಅತಿಥಿಯ ಬಿಡುವಿಗಾಗಿ ಕಾರ್ಯಕ್ರಮ ಮುಂದಕ್ಕೆ ಹೋಯಿತು. ಮತ್ತೊಮ್ಮೆ ಹೋಯಿತು. ನಾನು ದಿನವೂ ಅವರ ಬಾಯಿಯನ್ನೇ ನೋಡುತ್ತಿದ್ದೆ. ಇನ್ನೂ ಎಷ್ಟು ಉಳಿದಿದೆ ಎಂದು.

ಕೊನೆಗೆ ಆ ಸಂಜೆ ಬಂತು. ವೀಲ್‌ಚೇರಿನಲ್ಲೇ ವೇದಿಕೆಗೆ ಎತ್ತಿದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಪೇಟ ತೊಡಿಸಿದಾಗ ಕತ್ತು ನಿಲ್ಲಲಿಲ್ಲ, ಹಿಂದಿನಿಂದ ನಾನು ತಲೆ ಹಿಡಿದುಕೊಂಡೆ. ಫಲಕದಲ್ಲಿ ಸೇವೆ ಎಂದೇ ಬರೆದಿತ್ತು. ಆದರೂ ನಿರೂಪಕರು ರೋಗದ ಬಗ್ಗೆಯೇ ಮಾತಾಡುತ್ತಾ ಹೋದರು. ಇವರು ಗಂಟಲಿನಿಂದ ಸದ್ದು ಮಾಡಿದರು. ನಾನು ಮೈಕ್ ಇಸಿದುಕೊಂಡೆ. ಒಂದೊಂದೇ ಮಾತು ಅವರು ಅಂದರು, ನಾನು ಹೇಳಿದೆ.

"ರೋಗದ ಸುದ್ದಿ ಸಾಕು."

ನಿರೂಪಕರು ಹಿಂದೆ ಸರಿದರು.

"ಹೆಣ್ಮಕ್ಕಳ ತಲಿ ಮ್ಯಾಲ ಬಟ್ಟಿ ಗಂಟು ಇಟ್ಟು ಕಾಲುವಿಗೆ ಕಳಿಸ್ತೀರಿ. ಈಜಾಕ ಮಾತ್ರ ಗಂಡುಹುಡುಗರನ್ನ ಕಳಿಸ್ತೀರಿ. ಮುಳುಗೋರು ಯಾರು, ಕಲಿಯೋರು ಯಾರು?"

ಮತ್ತೆ ಉಸಿರು ತೆಗೆದುಕೊಂಡರು.

"ಇನ್ನ ನಾ ಕಲಿಸಂಗಿಲ್ಲ. ಬಸವರಾಜ ಕಲಿಸ್ತಾನ, ಕಳಿಸ್ರಿ."

ವೇದಿಕೆಯ ಮೂಲೆಯಲ್ಲಿ ಬಸವರಾಜಣ್ಣ ದಿಗಿಲುಬಿದ್ದು ನೋಡಿದರು. ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಆಮೇಲೆ ಮೆಲ್ಲಗೆ ಗೋಣು ಹಾಕಿದರು.

ಅವರು ಅಂದ ಮುಂದಿನ ಮಾತನ್ನು ಹೇಳಲು ನಾನು ಹಿಂಜರಿದೆ. ಇವರ ಕಣ್ಣಲ್ಲಿ ತುಂಟತನವಿತ್ತು.

"ಹೇಳ್ರಿ ಟೀಚರ್" ಎಂದು ಮುಂದಿನ ಸಾಲಿನಿಂದ ಯಾರೋ ಅಂದರು.

"ನನ್ನ ಹೆಂಡತಿ ಡಿಗ್ರಿ ಮಾಡ್ಯಾಳ. ನೀರಿಗಿಳಿ ಅಂದ್ರ ಸೀರಿ ತೊಯ್ತೈತಿ ಅಂತಾಳ. ಮೊದಲು ಆಕಿನ್ನ ಕರಕೊಳ್ರಿ."

ಸಭೆಯೆಲ್ಲ ನಕ್ಕಿತು. ಅವರೂ ನಕ್ಕರು. ಈ ರೋಗದಲ್ಲಿ ನಗು ಹಿಡಿತಕ್ಕೆ ಸಿಗುವುದಿಲ್ಲ. ನಗು ನಿಲ್ಲದೆ ಅಳುವಾಯಿತು, ಅಳುವೂ ನಿಲ್ಲಲಿಲ್ಲ. ಸನ್ಮಾನದ ಶಾಲಿನಿಂದಲೇ ಮುಖ ಒರೆಸಿದೆ.

ಬಸವರಾಜಣ್ಣನ ಕಾರಿನಲ್ಲಿ ಮನೆಗೆ ಬರುವಾಗ ಅವರು ಏನೋ ಅಂದರು. ನಾನು ಬಾಗಿ ಕೇಳಿದೆ. ಮತ್ತೆ ಅಂದರು. ಇನ್ನೂ ಹತ್ತಿರ ಕಿವಿ ಕೊಟ್ಟೆ. ಸದ್ದು ಬಂತು, ಮಾತು ಬರಲಿಲ್ಲ.

ನನಗೂ ತಿಳಿಯಲಿಲ್ಲ.

ಬಸವರಾಜಣ್ಣ ಕಾರು ನಿಲ್ಲಿಸಿ ಹಿಂದೆ ತಿರುಗಿದರು. "ಏನಂತಾನ್ರಿ?"

"ತಿಳೀವಲ್ದು ಅಣ್ಣ."

ಇವರು ಕಣ್ಣು ಮುಚ್ಚಿಕೊಂಡರು.

ಅದಾದ ಮೇಲೆ ಅವರು ಮಾತಾಡಿಲ್ಲ. ಈಗ ಒಂದು ರಟ್ಟಿನ ಮೇಲೆ ವರ್ಣಮಾಲೆ ಬರೆದಿದ್ದೇನೆ. ನಾನು ಅಕ್ಷರದ ಮೇಲೆ ಬೆರಳಿಡುತ್ತಾ ಹೋಗುತ್ತೇನೆ, ಬೇಕಾದ ಕಡೆ ಅವರು ಕಣ್ಣು ಮಿಟುಕಿಸುತ್ತಾರೆ. ಒಂದು ವಾಕ್ಯವಾಗುವುದರೊಳಗೆ ಗಂಜಿ ಆರುತ್ತದೆ. ಭಾನುವಾರ ಬಸವರಾಜಣ್ಣ ಹೊಳೆಗೆ ಹೋಗುತ್ತಾರೆ. ಕೆಲವು ಹೆಣ್ಣುಮಕ್ಕಳು ಬರುತ್ತಿದ್ದಾರೆ. ನಾನಿನ್ನೂ ಹೋಗಿಲ್ಲ. ಮನೆ ಬಿಟ್ಟು ಹೋಗುವಂತಿಲ್ಲ. ಈಗ ಅದು ನೆಪವಲ್ಲ.

ಕಾರಿನಲ್ಲಿ ಅಂದ ಆ ಮಾತು ನನ್ನನ್ನು ಕೊರೆಯುತ್ತಿತ್ತು. ಕೊನೆಯ ಮಾತು ಎಂದರೆ ಏನೋ ದೊಡ್ಡದೇ ಇರಬೇಕು. ನನಗೋ, ಅತ್ತೆಗೋ ಹೇಳಿದ್ದಿರಬೇಕು. ಅದನ್ನು ಕೈಯಾರೆ ಕಳೆದುಕೊಂಡೆ ಎಂದು ಒಬ್ಬಳೇ ಅತ್ತಿದ್ದೆ. ಮೊನ್ನೆ ರಟ್ಟು ಹಿಡಿದು ಕೇಳಿಯೇಬಿಟ್ಟೆ. ಅವರು ಒಂದೊಂದಾಗಿ ಕಣ್ಣು ಮಿಟುಕಿಸಿದರು. ನಾನು ಕೂಡಿಸಿ ಓದಿದೆ.

ಕಿಟಕಿ ತೆಗಿ.

ಅವರಿಗೆ ಗಾಳಿ ಬೇಕಾಗಿತ್ತು. ಈಗ ಆಸ್ಪತ್ರೆಗೆ ಹೊರಟಾಗಲೆಲ್ಲ ಅವರನ್ನು ಕಾರಿನಲ್ಲಿ ಕೂರಿಸಿದ ಕೂಡಲೇ ಮೊದಲು ಕಿಟಕಿ ತೆಗೆಯುತ್ತೇನೆ. ಅವರು ಮುಖ ಆ ಕಡೆಗಿಟ್ಟುಕೊಂಡು ಬರುತ್ತಾರೆ.