ಕೌನ್ಸೆಲರ್ ರೂಮಿನ ಮೂರನೆಯ ಕುರ್ಚಿ

ನಿನ್ನೆ ಬಾಲ್ಕನಿ ತೊಳೆಸುವಾಗ ಆ ನೀಲಿ ಪ್ಲಾಸ್ಟಿಕ್ ಕುರ್ಚಿಯನ್ನು ಬಿಸಿಲಿಗಿಟ್ಟಿದ್ದೆ. ಕಾದ ಪ್ಲಾಸ್ಟಿಕ್ಕಿನ ವಾಸನೆಯ ಜೊತೆ ಅವಳೂ ನೆನಪಿಗೆ ಬಂದಳು... ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ರೂಮು ಮಾಡಿಕೊಂಡಿದ್ದ ಕೌನ್ಸೆಲರ್.

ಯಜಮಾನರು ಜಾಲಹಳ್ಳಿ ಮಾರ್ಕೆಟ್ಟಿನಲ್ಲಿ ನನ್ನ ಕಣ್ಣೆದುರೇ ಕುಸಿದು ತೀರಿಕೊಂಡ ಮೇಲೆ ನನಗೆ ಗೇಟು ದಾಟಲಾಗುತ್ತಿರಲಿಲ್ಲ. ಕಾರಿನಲ್ಲಿ ಕೂರಿಸಿದರೂ ಗೇಟಿನ ಹತ್ತಿರ ಇಳಿದುಬಿಡುತ್ತಿದ್ದೆ. ಅತ್ತಿಬೆಲೆಯಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಳು. ಅವಳಿರುವಾಗಲೇ ಒಮ್ಮೆ ನೋಡಬೇಕಿತ್ತು, ಅಷ್ಟೇ.

ಅದಕ್ಕೇ ಕೌನ್ಸೆಲರ್ ಹತ್ತಿರ ಹೋದೆ. ಮೊದಲ ವಾರ ಅವಳು ನನ್ನ ಬಾಲ್ಯ ಕೇಳಿದಳು, ಕಾನ್ವೆಂಟಿನ ಸಿಸ್ಟರ್‌ಗಳನ್ನೂ ಬಿಡಲಿಲ್ಲ. ಮುಂದಿನ ವಾರ ಬ್ರೀದಿಂಗ್. ಆಮೇಲೆ ಹೋಂವರ್ಕ್: ಗೇಟಿನ ಬಳಿ ಭಯ ಇಳಿಯುವವರೆಗೂ ನಿಲ್ಲಬೇಕು. ಅದಾದ ಮೇಲೆ, ನಮ್ಮಿಬ್ಬರ ಕುರ್ಚಿ ಬಿಟ್ಟು ಮೂರನೆಯದು, ಈ ಖಾಲಿ ಕುರ್ಚಿ. ಯಜಮಾನರು ಇದರಲ್ಲಿ ಕೂತಿದ್ದಾರೆ ಎಂದುಕೊಂಡು ಮಾತಾಡಬೇಕಂತೆ! ಒಂದು ಸಬ್ಜೆಕ್ಟಿಗೆ ಒಬ್ಬರೇ ಟೀಚರ್ ಎಂಬ ಶಿಸ್ತಿನಲ್ಲಿ ಬೆಳೆದವಳು ನಾನು. ಅನುಮಾನ ಬಾರದೆ ಇದ್ದೀತೆ?

"ವಾರಕ್ಕೊಂದು ಮೆಥಡ್ ಬದಲಾಯಿಸ್ತೀಯಲ್ಲಮ್ಮ, ನನ್ನ ಮೇಲೇನು ಎಕ್ಸ್‌ಪೆರಿಮೆಂಟಾ?" ಎಂದು ನೇರವಾಗಿಯೇ ಕೇಳಿದೆ.

"ಗೇಟ್ ದಾಟೋದಕ್ಕೆ ಅಭ್ಯಾಸ ಬೇಕು ಆಂಟಿ. ಆದ್ರೆ ನಿಮಗೆ ಅಂಕಲ್ ಮೇಲೆ ಕೋಪಾನೂ ಇದೆ. ಕೋಪಕ್ಕೆ ಬರೀ ಬ್ರೀದಿಂಗ್ ಮಾಡಿಸಿ ಏನ್ ಪ್ರಯೋಜನ?"

ನನಗೆ ಕೋಪವಂತೆ! ಅವಳ ಸರ್ಟಿಫಿಕೇಟ್ ವಿಚಾರಿಸು ಎಂದು ಮಗಳಿಗೆ ಹೇಳಿದೆ. ಗೋಡೆಯ ಮೇಲೇ ಇದೆಯಲ್ಲ ಎಂದಳು. ಫ್ರೇಮು ಯಾರು ಬೇಕಾದರೂ ಹಾಕಿಸಬಹುದು ಎಂದೆ.

ಆದರೂ ಒಂದು ಸಂಜೆ, ಆ ಕುರ್ಚಿ ನೋಡುತ್ತಾ ನೋಡುತ್ತಾ, ಬಾಯಿ ತಾನಾಗಿ ತೆರೆಯಿತು. "ಡಾಕ್ಟರ್ ಹತ್ರ ಹೋಗಿ ಅಂದ್ರೆ ಗ್ಯಾಸು ಅಂದ್ರಲ್ಲ... ನನ್ನ ಮಾತು ಯಾವತ್ತಾದ್ರೂ ಕೇಳಿದ್ರಾ?" ಅಂದು ಬಹಳ ಹೊತ್ತು ಅತ್ತೆ.

ಮತ್ತೆ ಗೇಟು, ಮತ್ತೆ ಬ್ರೀದಿಂಗ್. ಗೇಟಿನಿಂದ ರಸ್ತೆ, ರಸ್ತೆಯಿಂದ ದಾಸರಹಳ್ಳಿ ಮೆಟ್ರೋ. ಅವಳು ಸ್ವಲ್ಪ ಹಿಂದೆಯೇ ಬರುತ್ತಿದ್ದಳು. ಕೊನೆಗೊಂದು ದಿನ ಒಬ್ಬಳೇ ಅತ್ತಿಬೆಲೆ ಮುಟ್ಟಿದೆ. ಅಕ್ಕ ಕೈ ಹಿಡಿದು, "ಇಷ್ಟ್ ಲೇಟಾ?" ಎಂದಳು.

ಯಾವ ಮೆಥಡ್ ಕೆಲಸ ಮಾಡಿತು ಎಂದು ಕೇಳಿದ್ದಕ್ಕೆ ನನ್ನ ಕೌನ್ಸೆಲರ್ ಗೊತ್ತಿಲ್ಲ ಎಂದು ನಕ್ಕಳು. ಆ ನಗುವನ್ನೂ ನಾನು ಪೂರ್ತಿ ನಂಬಲಿಲ್ಲ.

ಆಮೇಲೆ ಅವಳು ತನಗೆ ಹುಷಾರಿಲ್ಲವೆಂದು ರೂಮು ಖಾಲಿ ಮಾಡಿ ಊರಿಗೆ ಹೋದಳು, ಕುರ್ಚಿಯನ್ನು ನನಗೆ ಬಿಟ್ಟು. ಹೋದ ತಿಂಗಳು ವಾಚ್‌ಮನ್ ಅವಳು ತೀರಿಕೊಂಡಳೆಂದ. ಲಿಫ್ಟ್ ಯಾವಾಗ ರಿಪೇರಿಯಾಗುತ್ತದೆ ಎಂಬುದನ್ನೂ ಅವನು ಸರಿಯಾಗಿ ಹೇಳಿದವನಲ್ಲ. ಅವಳ ನಂಬರಿಗೆ ಮಾತ್ರ ಫೋನ್ ಹೋಗುತ್ತಿಲ್ಲ...

ಆ ಕುರ್ಚಿಯಲ್ಲಿ ಯಜಮಾನರನ್ನು ಕೂರಿಸಿ ಮಾತಾಡಿದ್ದೇನೆ. ಅಕ್ಕ ಹೋದ ಮೇಲೆ ಅಕ್ಕನನ್ನೂ. ನಿನ್ನೆ ಬಿಸಿಲು ಇಳಿದಾಗ ಅದನ್ನು ಒಳಗೆ ತಂದೆ. ಈಗ ಕೌನ್ಸೆಲರನ್ನೂ ಇದರಲ್ಲಿ ಕೂರಿಸಬೇಕೇ ಎನ್ನಿಸಿತು. ಆಮೇಲೆ ಒಣಗಿದ ಬಟ್ಟೆಯನ್ನೆಲ್ಲ ಅದರ ಮೇಲೆ ರಾಶಿ ಹಾಕಿದೆ, ಯಾರಿಗೂ ಜಾಗವಿಲ್ಲದ ಹಾಗೆ.