ಕೆಸರು ತುಂಬಿದ ಚಿಪ್ಪು

ಹೋಟೆಲಿನ ಹಿಂಬಾಗಿಲ ಪಕ್ಕದ ತೊಳೆಯುವ ಕೋಣೆಯಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ ಕಪ್ಪೆಚಿಪ್ಪು ಆರಿಸುತ್ತಿದ್ದಳು. ಎಲ್ಲರ ಬಾಯಲ್ಲಿ ಅವಳು ಟಕಟಕ ಅಕ್ಕ. ಬುಟ್ಟಿಯಿಂದ ಎರಡೆರಡು ಚಿಪ್ಪು ತೆಗೆದು ಒಂದಕ್ಕೊಂದು ತಟ್ಟುವುದು ಅವಳ ಕ್ರಮ. ಜೀವವಿದ್ದರೆ ಕಲ್ಲಿನಂತೆ ಗಟ್ಟಿ ಸದ್ದು, ಸತ್ತಿದ್ದರೆ ಪೊಳ್ಳು ಸದ್ದು. ಇವೆರಡಲ್ಲದೆ ಮೂರನೆಯದೊಂದಿದೆ: ಒಳಗಿನ ಜೀವ ಕರಗಿಹೋಗಿ, ಆ ಜಾಗದಲ್ಲಿ ಕೆಸರು ತುಂಬಿ, ಬಾಯಿ ಬಿಗಿದುಕೊಂಡೇ ಇರುವ ಚಿಪ್ಪು. ನೋಡಲು ಎಲ್ಲದರಂತೆಯೇ ಇರುತ್ತದೆ. ತಟ್ಟಿದಾಗ ಮಾತ್ರ ಮಂಕಾಗಿ ದಪ್ ಎನ್ನುತ್ತದೆ. ಅಂಥದ್ದೊಂದು ಒಲೆಯ ಮೇಲೆ ಬಾಯಿಬಿಟ್ಟರೆ ಇಡೀ ಪಾತ್ರೆ ಹಾಳು.

ಚಳಿಗಾಲದ ನೆಗಡಿಯ ನಂತರ ಅವಳ ಬಲಗಿವಿ ಮುಚ್ಚಿತು. ಬೇಸಿಗೆಯ ಹೊತ್ತಿಗೆ ಎಡಗಿವಿಯೂ ಅರೆಬರೆಯಾಯಿತು. ಪೊಳ್ಳು ಇನ್ನೂ ತಿಳಿಯುತ್ತಿತ್ತು. ಗಟ್ಟಿಗೂ ಮಂಕಿಗೂ ವ್ಯತ್ಯಾಸ ತಿಳಿಯದಾಯಿತು. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಬಾಡಿಗೆ ಕೋಣೆಯಲ್ಲಿ ರೇಡಿಯೊದ ದನಿ ದಿನೇದಿನೇ ಏರಿತು. ಪಕ್ಕದವರು ಗೋಡೆ ಬಡಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಒಂದು ಸೋಮವಾರ ಅಡುಗೆಯವನು ಸೌಟು ಹಿಡಿದು ಬಂದ.

"ಏನಕ್ಕ, ಇವತ್ತು ಸಾರಿಗೆ ಕೆರೆಯನ್ನೇ ಇಳಿಸಿಬಿಟ್ಟಿದ್ದೀಯಲ್ಲ."

"ಒಂದು ಕೈತಪ್ಪಿ ಹೋಯ್ತಪ್ಪ."

ಯಜಮಾನಿ ತಮಾಷೆ ಮಾಡಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ," ಎಂದಳು.

ಅಂದಿನಿಂದ ಅವಳು ಹೆಬ್ಬೆರಳುಗಳನ್ನು ನಂಬಿದಳು. ಚಿಪ್ಪಿನ ಎರಡು ಹೋಳುಗಳನ್ನು ಒತ್ತಿ, ಒಂದನ್ನು ಆಚೆ ಒಂದನ್ನು ಈಚೆ ಜರುಗಿಸಲು ನೋಡಿದರೆ, ಜೀವವಿರುವುದು ಅಲುಗುವುದಿಲ್ಲ. ಕೆಸರಿನದು ಕೂದಲೆಳೆಯಷ್ಟು ಜಾರುತ್ತದೆ. ಹೀಗೆ ನೋಡಲು ನಾಲ್ಕು ಪಟ್ಟು ಹೊತ್ತು ಬೇಕು. ಏಳಕ್ಕೆ ಬರುತ್ತಿದ್ದವಳು ಐದೂವರೆಗೇ ಬರತೊಡಗಿದಳು. ಆ ಹೊತ್ತಿಗೆ ಮಾತಾಡಿಸುವವರೂ ಇರುತ್ತಿರಲಿಲ್ಲ. ಒತ್ತಿ ನೋಡಿದ ಮೇಲೆ ಹಿಂದಿನಂತೆ ತಟ್ಟುತ್ತಲೂ ಇದ್ದಳು. ಗೋಡೆಯಾಚೆ ಯಜಮಾನಿಗೆ ಟಕಟಕ ಕೇಳದಿದ್ದರೆ ಯಾಕೆಂಬ ಪ್ರಶ್ನೆ ಏಳುತ್ತಿತ್ತು.

ಮೂರು ವಾರ ಒಂದೂ ತಪ್ಪಲಿಲ್ಲ. ಆಮೇಲೊಂದು ಬೆಳಿಗ್ಗೆ ಅಡುಗೆಯವನು ಬೇಗ ಬಂದ. ಅವಳ ಬೆನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದ. ಕೂಗಿದ. ಕೊನೆಗೆ ಸುತ್ತಿ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಮೂರು ಸಲ ಕರೆದೆ. ದೊಡ್ಡ ಮನುಷ್ಯಳಾಗಿಬಿಟ್ಟೆ ನೀನು."

ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು. "ಕೆಲಸ ಇತ್ತಪ್ಪ."

"ಒತ್ತಿ ನೋಡಿದ ಮೇಲೂ ತಟ್ಟೋದು ಯಾತಕ್ಕೆ?"

"ಅದು ಯಜಮಾನಿಗೆ."

ಅವಳ ಹೆಬ್ಬೆರಳುಗಳ ತುದಿ ಬಿರಿದು, ಬಿರುಕಿನಲ್ಲಿ ಉಪ್ಪು ಕೂತಿತ್ತು. ಅವನು ತನ್ನ ಕಿವಿ ಮುಟ್ಟಿ ತೋರಿಸಿ, "ಯಾವತ್ತಿಂದ?" ಎಂದ.

"ಬಲದ್ದು ಚಳಿಗಾಲದಲ್ಲೇ ಹೋಯ್ತು. ಎಡದ್ದು ಈಗೀಗ."

ಆರಿಸಿಟ್ಟಿದ್ದ ಟಬ್ಬಿನಿಂದ ಅವನು ಒಂದು ಚಿಪ್ಪು ತೆಗೆದು ಒತ್ತಿ ನೋಡಿದ. ಅಲುಗಲಿಲ್ಲ. ಹೀಗೆ ಹತ್ತು ನೋಡಿ ಎದ್ದ. ಬಾಗಿಲ ಕಡೆ ನಡೆಯುತ್ತ, "ನನ್ನ ಬಾಯಿಂದ ಹೊರಗೆ ಬರಲ್ಲ, ಬಿಡಕ್ಕ," ಎಂದ.

ಅವಳಿಗೆ ಕಂಡದ್ದು ಅವನ ತುಟಿಗಳಲ್ಲ, ಬೆನ್ನು ಮಾತ್ರ.

ಅಂದೆಲ್ಲ ಅವಳು ಬಾಗಿಲಿಗೆ ಮುಖ ಮಾಡಿಕೊಂಡೇ ಕೆಲಸ ಮಾಡಿದಳು. ಯಜಮಾನಿ ಎರಡು ಸಲ ಹಾದುಹೋದಳು. ಎರಡು ಸಲವೂ ಇವಳ ಕೈ ನಿಂತಿತು. ಸಂಜೆ ತನ್ನ ಲೋಟ, ಬ್ರಷ್ಷು, ಏಪ್ರನ್ನು ಚೀಲಕ್ಕೆ ಹಾಕಿಕೊಂಡಳು. ಯಜಮಾನಿ ಹೋಗೆಂದ ಮೇಲೆ ಎಲ್ಲರೆದುರು ಸಾಮಾನು ಬಾಚಿಕೊಳ್ಳುವುದು ಅವಳಿಗೆ ಬೇಡವಾಗಿತ್ತು.

ಯಾರೂ ಅವಳನ್ನು ಹೋಗೆನ್ನಲಿಲ್ಲ. ಮರುದಿನ ಐದೂವರೆಗೆ ಅದೇ ಚೀಲ ಹಿಡಿದು ಬಂದಳು. ಏಪ್ರನ್ನು, ಬ್ರಷ್ಷು ತೆಗೆದಳು; ಲೋಟವನ್ನು ಚೀಲದಲ್ಲೇ ಬಿಟ್ಟು, ಬಾಗಿಲನ್ನೊಮ್ಮೆ ನೋಡಿ, ಮೊದಲ ಬುಟ್ಟಿಗೆ ಕೈಹಾಕಿದಳು.