ಪಾಚಿ ಇಲ್ಲದ ಟ್ಯಾಂಕು

ವಿಮೆಯ ಫಾರ್ಮಿಗೆ ಸಹಿ ಹಾಕಿಸಲು ಸೂಲಿಬೆಲೆಯ ಒಂದು ಮನೆಗೆ ಹೋಗಿದ್ದೆ. ಮಾತಾಡಲು ಸಂಕೋಚವಾಗಿ, ಹಾಲ್‌ನಲ್ಲಿದ್ದ ಮೀನಿನ ಟ್ಯಾಂಕನ್ನೇ ನೋಡುತ್ತಾ ಕುಳಿತೆ. ಗಾಜು ಫಳಫಳ ಹೊಳೆಯುತ್ತಿತ್ತು. ಒಳಗೆ ಒಂದು ಗೋಲ್ಡ್‌ಫಿಶ್. ತಳದಲ್ಲಿರಬೇಕಾದ ಕಪ್ಪು ಸಕ್ಕರ್ ಮೀನು ಅದರ ಪಕ್ಕೆಗೆ ಬಾಯಿಟ್ಟು ಅಂಟಿಕೊಂಡಿತ್ತು.

“ಅದು ಇದರ ಮೈ ತೊಳೀತಿದೆ ಕಣಮ್ಮ,” ಅಂದರು ಮನೆಯ ಆಂಟಿ.

ಸಕ್ಕರ್ ಬಿಟ್ಟಾಗ ನೋಡಿದರೆ, ಅಲ್ಲಿ ಸಿಪ್ಪೆ ಸುಲಿದ ಹಾಗೆ ಕೆಂಪು ಗಾಯ.

“ಆಂಟಿ, ಅದು ತೊಳೀತಿಲ್ಲ. ತಿಂತಿದೆ.”

“ಪಾಚಿ ತಿನ್ನೋ ಮೀನು, ಬೇರೇನೂ ಹಾಕ್ಬೇಡಿ ಅಂದಿದ್ನಲ್ಲ ಅಂಗಡಿಯವನು?”

“ಪಾಚಿ ಎಲ್ಲಿದೆ ಆಂಟಿ?”

“ನಮ್ಮನೇಲಿ ಪಾಚಿನಾ? ಪ್ರತಿ ಶುಕ್ರವಾರ ಹೊಸ್ತಿಲು ತೊಳೆಯೋವಾಗ ಇದನ್ನೂ ತಿಕ್ಕಿ...” ಮಾತು ಅರ್ಧಕ್ಕೇ ನಿಂತಿತು.

ಟ್ಯಾಂಕಿನ ನೀರನ್ನೇ ಬಕೆಟ್ಟಿಗೆ ಮೊಗೆದು ಗೋಲ್ಡ್‌ಫಿಶ್ಶನ್ನು ಅದಕ್ಕೆ ಬಿಟ್ಟೆವು. ಮೆಲ್ಲಗೆ ಬಾಲ ಆಡಿಸಿತು. ನಾನು ಹೇಳಿದಂತೆ ಆಂಟಿ ಸೌತೆಕಾಯಿ ಹೆಚ್ಚಿ ಟ್ಯಾಂಕಿಗೆ ಹಾಕಿದರು. ಸಕ್ಕರ್ ಅದರ ಮೇಲೆ ಬಿದ್ದ ರೀತಿ ನೋಡಿ ಅವರ ಮುಖ ಸಪ್ಪಗಾಯಿತು.

“ನನ್ನ ಮನೇಲಿ ಒಂದು ಜೀವ ಉಪವಾಸ ಇತ್ತಲ್ಲಮ್ಮ.”

ಸಹಿ ಕೇಳಿದರೆ, “ಮೊದ್ಲು ಊಟ ಮಾಡು,” ಅಂದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಮೂರನೇ ಮುದ್ದೆ ತಟ್ಟೆಗೆ ಬೀಳುವ ಹೊತ್ತಿಗೆ, ಆ ಮೀನಿಗಾದ ಅನ್ಯಾಯವನ್ನೆಲ್ಲ ನನ್ನ ಹೊಟ್ಟೆಯಲ್ಲೇ ಸರಿಪಡಿಸುತ್ತಿದ್ದಾರೆ ಅನ್ನಿಸಿತು.